ಬೇಸ್ ಗಿಟಾರ್ ಕೊಳ್ಳಲೇ, ಬೇಡವೇ?

ಭಾನುವಾರದ ಪಾಡುಪೂಜೆಯಲ್ಲಿ ಒಮ್ಮೆ ಕೊನೆಯ ಬೆಂಚಿನಲ್ಲಿ ಕುಳಿತು ಗಾನವೃಂದವನ್ನು ಗಮನವಿಟ್ಟು ಕೇಳಿ. ಮೊದಲು ಕಿವಿಗೆ ಬೀಳುವುದು ಹಾಡುವವರ ದನಿ, ಆಮೇಲೆ ಕೀಬೋರ್ಡ್, ಆಮೇಲೆ ತಬಲ. ಬೇಸ್ ಗಿಟಾರ್ ಎಂಬ ವಾದ್ಯ ಅಲ್ಲಿದೆ ಎಂಬುದು ಬಹಳ ಜನಕ್ಕೆ ಗೊತ್ತೇ ಆಗುವುದಿಲ್ಲ. ನುಡಿಸುವವನು ನಡುವೆ ಕೈ ನಿಲ್ಲಿಸಿದರೆ ಮಾತ್ರ, ಹಾಡಿನ ಕೆಳಗಿನ ನೆಲ ಸರಿದ ಹಾಗೆ, ಏನೋ ಕಡಿಮೆಯಾಯಿತಲ್ಲ ಎನ್ನಿಸುತ್ತದೆ. ಇದ್ದಾಗ ಕಾಣದ, ಇಲ್ಲದಾಗ ಕಾಣುವ ವಾದ್ಯ ಅದು.

ಅಂಥ ವಾದ್ಯವನ್ನು ಹವ್ಯಾಸಕ್ಕೆ ನುಡಿಸುವ ಒಬ್ಬ ಗೃಹಸ್ಥ, ಒಂದೂವರೆ ಲಕ್ಷ ರೂಪಾಯಿ ಕೊಟ್ಟು ಹೊಸ ಬೇಸ್ ಗಿಟಾರ್ ಕೊಳ್ಳಬೇಕೆಂದು ಮನಸ್ಸು ಮಾಡಿದ್ದಾನೆ ಎನ್ನೋಣ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ, ಈ ಕಡೆಯ ಯಾವ ಊರಿನಲ್ಲಾದರೂ ಇರಬಹುದಾದ ಮನುಷ್ಯ. ಇದು ನಿಜವಾಗಿ ನಡೆದ ಯಾರೊಬ್ಬರ ಕಥೆಯೂ ಅಲ್ಲ, ಅಧ್ಯಯನಕ್ಕಾಗಿ ಕಟ್ಟಿಕೊಂಡ ಉದಾಹರಣೆ. ಆದರೆ ಓದುವಾಗ ನಿಮ್ಮ ಮನೆಯ ಯಾರಾದರೂ ನೆನಪಾದರೆ ಆಶ್ಚರ್ಯವಿಲ್ಲ.

ಈತನಿಗೆ ಮೂವತ್ತೆಂಟು ವಯಸ್ಸು. ಪಾಂಡವಪುರದಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಸಣ್ಣ ಅಂಗಡಿ. ನಾಲೆಯಲ್ಲಿ ನೀರು ಹರಿಯುವಾಗ ಕೆಲಸ ಕಡಿಮೆ, ಬೇಸಿಗೆಯಲ್ಲಿ ಬಿಡುವಿಲ್ಲ. ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ಮಗಳು ಬರುವ ವರ್ಷ ಪಿ.ಯು.ಸಿ.ಗೆ ಸೇರಬೇಕು, ಮಗ ಏಳನೇ ತರಗತಿ. ಭಾನುವಾರ ಗಾನವೃಂದದಲ್ಲಿ ಬೇಸ್ ನುಡಿಸುತ್ತಾನೆ. ಮದುವೆ ಕಾಲದಲ್ಲಿ ಆರ್ಕೆಸ್ಟ್ರಾದವರು ಕರೆದರೆ ವರ್ಷಕ್ಕೆ ಹತ್ತು ರಾತ್ರಿ ಹೋಗಿ ಬರುತ್ತಾನೆ. ಈಗ ಕೈಯಲ್ಲಿರುವುದು ಕಲ್ಕತ್ತೆಯಲ್ಲಿ ತಯಾರಾದ, ಇನ್ನೊಬ್ಬರಿಂದ ಕೊಂಡ ಹಳೆಯ ಗಿಟಾರ್. ಸದ್ಯದಲ್ಲೇ 30,000 ರೂಪಾಯಿ ಚೀಟಿ ಹಣ ಬರುವುದಿದೆ. ಉಳಿದ 1,20,000 ರೂಪಾಯಿಗೆ ಸಾಲ. ಹೆಂಡತಿಗೆ ಹೇಳಿರುವುದು ಇಷ್ಟೇ: ‘ಚೀಟಿ ಹಣದಲ್ಲಿ ಒಂದು ಗಿಟಾರ್ ತರುತ್ತೇನೆ.’

ಸುಳ್ಳು ಹೇಳಿಲ್ಲ. ಪೂರ್ತಿ ನಿಜವನ್ನೂ ಹೇಳಿಲ್ಲ. ನಮ್ಮ ವಿಷಯ ಶುರುವಾಗುವುದು ಇಲ್ಲಿಂದ.

ವಾದ್ಯ ಬಂದ ದಾರಿ

ಬೆಲೆಯ ಮಾತಿಗೆ ಮೊದಲು ವಾದ್ಯದ ಮಾತು. ಇಂದು ನಾವು ಕಾಣುವ ಬೇಸ್ ಗಿಟಾರನ್ನು ಜನಪ್ರಿಯಗೊಳಿಸಿದವರು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಲಿಯೋ ಫೆಂಡರ್. ಅವರು ‘ಪ್ರಿಸಿಷನ್ ಬೇಸ್’ ಎಂಬ ಮಾದರಿಯನ್ನು ಹೊರತಂದದ್ದು 1951ರಲ್ಲಿ. ಅದಕ್ಕೆ ಮುಂಚೆ ಕೆಳಸ್ವರಕ್ಕೆ ಇದ್ದದ್ದು ಆಳೆತ್ತರದ ಡಬಲ್ ಬೇಸ್. ಅದನ್ನು ಹೊತ್ತು ತಿರುಗುವುದು ಕಷ್ಟ, ದೊಡ್ಡ ತಂಡದಲ್ಲಿ ಅದರ ದನಿ ಮೇಲೇಳುವುದೂ ಕಷ್ಟ. ಫೆಂಡರ್ ಅದನ್ನು ಹೆಗಲಿಗೆ ತಗುಲಿ ಹಾಕಿಕೊಳ್ಳುವ ಗಾತ್ರಕ್ಕೆ ಇಳಿಸಿ, ಬೆರಳಿಡುವ ಜಾಗಕ್ಕೆ ಲೋಹದ ಪಟ್ಟಿಗಳನ್ನು ಕೂರಿಸಿದರು. ಸ್ವರ ಕರಾರುವಾಕ್ಕಾಗಿ ಬರುತ್ತಿದ್ದುದರಿಂದಲೇ ಆ ಹೆಸರು. ಸ್ವಾರಸ್ಯವೆಂದರೆ ಫೆಂಡರ್ ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ. ರಿಪೇರಿಗೆ ತರುತ್ತಿದ್ದ ಸಂಗೀತಗಾರರ ದೂರುಗಳನ್ನು ಕೇಳಿಸಿಕೊಂಡೇ ಅವರು ವಾದ್ಯ ಕಟ್ಟಿದರು. ಮೋಟಾರ್ ವೈಂಡಿಂಗ್ ಮಾಡುವ ನಮ್ಮ ಗೃಹಸ್ಥನಿಗೆ ಈ ಮಾತು ಹಿಡಿಸಬಹುದು. ಗಿಟಾರಿನ ಪಿಕಪ್ ಎಂಬುದೂ ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ತಂತಿಯೇ.

ಈಗಿನ ಮಾರುಕಟ್ಟೆಯಲ್ಲಿ, ಹೊಸದಾಗಿ ಕಲಿಯುವವರಿಗೆ ಸಾಕಾಗುವ ಬೇಸ್ ಗಿಟಾರುಗಳು ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತವೆ. ಅಮೆರಿಕದಲ್ಲೇ ತಯಾರಾದ ಹೆಸರಾಂತ ಮಾದರಿಗಳು ಲಕ್ಷ ದಾಟುತ್ತವೆ. ನಡುವೆ ಹತ್ತಾರು ಮೆಟ್ಟಿಲುಗಳಿವೆ. ಇಪ್ಪತ್ತು ಸಾವಿರದ್ದಕ್ಕೂ ನಲವತ್ತು ಸಾವಿರದ್ದಕ್ಕೂ ಇರುವ ವ್ಯತ್ಯಾಸ ಕೈಗೂ ಕಿವಿಗೂ ಚೆನ್ನಾಗಿಯೇ ತಿಳಿಯುತ್ತದೆ. ಅಲ್ಲಿಂದ ಮೇಲೆ ಹೋದಂತೆ ಬೆಲೆ ಬೇಗ ಏರುತ್ತದೆ, ವ್ಯತ್ಯಾಸ ನಿಧಾನವಾಗಿ ಏರುತ್ತದೆ. ಲಕ್ಷದ ವಾದ್ಯದಲ್ಲಿ ಹುರುಳಿಲ್ಲ ಎಂದು ಯಾರೂ ಹೇಳಬಾರದು. ಕೂಡಿಕೆ ನೇರವಾಗಿರುತ್ತದೆ, ಶ್ರುತಿ ನಿಲ್ಲುತ್ತದೆ, ಹತ್ತಿಪ್ಪತ್ತು ವರ್ಷ ಬಾಳುತ್ತದೆ. ಮಾರಲು ಹೋದರೂ ಒಂದಿಷ್ಟು ಬೆಲೆ ಬರುತ್ತದೆ. ಪ್ರಶ್ನೆ ಅದರದಲ್ಲ.

ಮೂರು ಕಾರಣಗಳು

ಮನೆಯಲ್ಲಿ ದೊಡ್ಡ ಖರ್ಚಿನ ಮಾತು ಬಂದಾಗ ನಾವು ಆಸೆಯನ್ನು ಆಸೆ ಎಂದು ಕರೆಯುವುದಿಲ್ಲ. ಅದಕ್ಕೊಂದು ಒಳ್ಳೆಯ ಅಂಗಿ ತೊಡಿಸುತ್ತೇವೆ. ನಮ್ಮ ಗೃಹಸ್ಥನ ಬಳಿ ಅಂಥವು ಮೂರಿವೆ.

ಮೊದಲನೆಯದು: ‘ದೇವಾಲಯಕ್ಕೆ ತಾನೆ?’ ಇದು ಎಲ್ಲಕ್ಕಿಂತ ಗಟ್ಟಿಯಾದ ಕಾರಣ. ಇದರೆದುರು ಹೆಂಡತಿಗೂ ಬಾಯಿ ಬರುವುದಿಲ್ಲ. ಆದ್ದರಿಂದಲೇ ಇದನ್ನು ಹೆಚ್ಚು ಪರೀಕ್ಷಿಸಬೇಕು.

ಪೂಜೆಯಲ್ಲಿ ಇಂಥ ವಾದ್ಯ ಸಲ್ಲುತ್ತದೆಯೇ ಎಂಬ ಹಳಬರ ಆಕ್ಷೇಪವನ್ನು ಮೊದಲು ಮುಗಿಸೋಣ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಹೊರಡಿಸಿದ ದೈವಾರಾಧನಾ ವಿಧಿಯ ಸಂವಿಧಾನವು ಪೈಪ್ ಆರ್ಗನ್ನಿಗೆ ಗೌರವದ ಸ್ಥಾನ ಕೊಟ್ಟು, ಇತರ ವಾದ್ಯಗಳನ್ನೂ ಅಧಿಕಾರವುಳ್ಳವರ ಒಪ್ಪಿಗೆಯೊಂದಿಗೆ, ಪವಿತ್ರ ಉಪಯೋಗಕ್ಕೆ ಹೊಂದುವುದಾದರೆ ಬಳಸಬಹುದೆಂದಿತು. 1967ರ ಪವಿತ್ರ ಸಂಗೀತದ ನಿರ್ದೇಶನ ಪತ್ರವೂ ಇದೇ ದಾರಿಯದು. ಇನ್ನು ‘ಪರದೇಶದ ವಾದ್ಯ’ ಎಂಬ ಮಾತು. ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದ ಕದ್ರಿ ಗೋಪಾಲನಾಥರು, ವರ್ಷಗಟ್ಟಲೆ ದುಡಿದು ಅದರಲ್ಲಿ ಕರ್ನಾಟಕ ಸಂಗೀತ ನುಡಿಸಿ, 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನವರೆಗೆ ಹೋದದ್ದನ್ನು ನೋಡಿದ ನಾಡು ಇದು. ವಾದ್ಯದ ಊರು ಯಾವುದಾದರೇನು?

ವಾದ್ಯ ಸಲ್ಲುತ್ತದೆ ಎಂದಾಯಿತು. ಒಂದೂವರೆ ಲಕ್ಷದ್ದೇ ಬೇಕೇ? ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಬಿಟ್ಟು ಮೀಟಿದಾಗ ಅದು ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಷ್ಟು ಕೆಳಗಿನ ಸ್ವರದ ಒಂದೊಂದು ಅಲೆಯೂ ಗಾಳಿಯಲ್ಲಿ ಎಂಟು ಮೀಟರಿಗಿಂತ ಉದ್ದ, ಒಂದು ಸಣ್ಣ ದೇವಾಲಯದ ಅಗಲದಷ್ಟು. ಕಲ್ಲು, ಗಾರೆ, ಹೆಂಚಿನ ನಮ್ಮ ಹಳೆಯ ಕಟ್ಟಡಗಳಲ್ಲಿ ಈ ಅಲೆಗಳು ಗೋಡೆಯಿಂದ ಗೋಡೆಗೆ ಬಡಿದು ಗುಂಯ್‌ಗುಡುತ್ತವೆ. ಮೂಲೆಯಲ್ಲಿ ಸ್ಪೀಕರ್ ಇಟ್ಟರಂತೂ ಪದಗಳೇ ಕೇಳಿಸದು. ಅಲ್ಲಿ ಬೇಕಾದದ್ದು ಕಡಿಮೆ ಸ್ವರಗಳನ್ನು ನುಡಿಸುವ ಸಂಯಮ, ಸ್ಪೀಕರನ್ನು ಮೂಲೆಯಿಂದ ಎಳೆದಿಡುವ ಜಾಣತನ. ಎರಡಕ್ಕೂ ಹಣ ಬೇಕಿಲ್ಲ. ಇನ್ನು ಆಂಪ್ಲಿಫೈಯರ್ ಚಿಕ್ಕದಾಗಿದ್ದರೆ ಆ 41 ಕಂಪನಗಳನ್ನು ಹೊರಹಾಕುವ ಶಕ್ತಿಯೇ ಅದಕ್ಕಿರುವುದಿಲ್ಲ. ಸಾಮಾನ್ಯ ಗಿಟಾರಿನ ಸಣ್ಣ ಪೆಟ್ಟಿಗೆಗೆ ಬೇಸ್ ಸಿಕ್ಕಿಸಿ ಜೋರು ಮಾಡಿದರೆ ಸ್ಪೀಕರ್ ಹರಿಯುವುದೂ ಉಂಟು. ಲಕ್ಷದ ಗಿಟಾರಿಗೆ ಅಂಥ ಪೆಟ್ಟಿಗೆ ಜೋಡಿಸಿದರೆ ಕೇಳುವವರಿಗೆ ಪೆಟ್ಟಿಗೆಯೇ ಕೇಳಿಸುತ್ತದೆ, ಗಿಟಾರಲ್ಲ.

ಗಂಜಾಂನಲ್ಲಿ ಇಂದಿಗೂ ಅಬ್ಬೆ ದ್ಯುಬುವಾ ಚರ್ಚ್ ಎಂದೇ ಕರೆಯುವ ದೇವಾಲಯವಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಆ ಫ್ರೆಂಚ್ ಗುರುಗಳು ಇಲ್ಲಿಗೆ ಬಂದು ಚದುರಿಹೋಗಿದ್ದ ವಿಶ್ವಾಸಿಗಳನ್ನು ಕೂಡಿಸಿದರು. ವಿದ್ಯುತ್ತೇ ಇಲ್ಲದ ಆ ಕಾಲದಲ್ಲಿ ಆ ಜನ ಹಾಡಿದ್ದೂ ಹಾಡೇ. ಒಳ್ಳೆಯ ವಾದ್ಯ ಬೇಡವೆನ್ನಲು ಇದನ್ನು ಹೇಳುತ್ತಿಲ್ಲ. ದೇವರಿಗೆ ಬೇಕಾಗಿದೆ ಎಂದು ನಾವು ಹೇಳುವಾಗ ಒಂದು ಕ್ಷಣ ತಡೆದು ಹೇಳುವುದು ಒಳ್ಳೆಯದು ಎಂಬುದಕ್ಕೆ ಹೇಳಿದೆ.

ಇನ್ನೂ ಒಂದು ತೊಡಕಿದೆ. ದೇವಾಲಯಕ್ಕೆಂದು ಕೊಂಡ ವಾದ್ಯ ಯಾರದು? ಸ್ವಂತ ಸಾಲದಲ್ಲಿ ತಂದದ್ದನ್ನು ಅಲ್ಲೇ ಬಿಟ್ಟುಬರುತ್ತಾನೆಯೇ? ಇನ್ನೊಬ್ಬ ಹುಡುಗ ಕಲಿಯಲು ಮುಟ್ಟಿದರೆ ಸುಮ್ಮನಿರುತ್ತಾನೆಯೇ? ನಾಳೆ ಗಾನವೃಂದದಲ್ಲಿ ಮಾತಿಗೆ ಮಾತು ಬೆಳೆದು ಒಂದು ತಿಂಗಳು ನುಡಿಸಲು ಹೋಗದಿದ್ದರೆ, ‘ನಾನು ಇಷ್ಟು ಖರ್ಚು ಮಾಡಿದೆ’ ಎಂಬ ಮಾತು ಬಾಯಿಗೆ ಬರುವುದಿಲ್ಲವೇ? ಬರುತ್ತದೆ. ಗಾನವೃಂದಗಳಲ್ಲಿ ಮನಸ್ತಾಪಗಳು ಹೀಗೆಯೇ ಬೆಳೆಯುವುದು. ಧರ್ಮಕೇಂದ್ರಕ್ಕೆ ವಾದ್ಯ ನಿಜವಾಗಿ ಬೇಕಿದ್ದರೆ ಧರ್ಮಕೇಂದ್ರದ ಪಾಲನಾ ಸಮಿತಿಯಲ್ಲಿ ಮಾತಾಡಿ, ಧರ್ಮಕೇಂದ್ರದ ಹೆಸರಿನಲ್ಲೇ ಕೊಳ್ಳಲಿ, ರಸೀದಿಯೂ ಆ ಹೆಸರಿಗೇ ಇರಲಿ.

ಎರಡನೆಯ ಕಾರಣ: ‘ಮದುವೆ ಪ್ರೋಗ್ರಾಮಿನಲ್ಲಿ ದುಡಿದು ತೀರಿಸುತ್ತೇನೆ.’ ಇದಕ್ಕೆ ಪೆನ್ನು ಕಾಗದ ಸಾಕು. ರಾತ್ರಿಗೆ 1,500 ರೂಪಾಯಿ ಸಿಕ್ಕರೂ ಹತ್ತು ರಾತ್ರಿಗೆ 15,000. ಅಂದರೆ ಗಿಟಾರಿನ ಬೆಲೆ ಹುಟ್ಟಲು ಹತ್ತು ವರ್ಷ, ಅದೂ ಬಸ್ಸಿನ ಖರ್ಚು, ಮಾರನೆಯ ದಿನ ಅಂಗಡಿ ತಡವಾಗಿ ತೆರೆದ ನಷ್ಟ ಬಿಟ್ಟು. ಸಾಲದ ಕಡೆ ನೋಡಿ. 1,20,000 ರೂಪಾಯಿಗೆ ಶೇಕಡ 16ರ ಬಡ್ಡಿಯಲ್ಲಿ ಎರಡು ವರ್ಷದ ಕಂತು ಮಾಡಿದರೆ ತಿಂಗಳಿಗೆ ಹತ್ತಿರ ಹತ್ತಿರ 5,900 ರೂಪಾಯಿ. ಎರಡು ವರ್ಷಕ್ಕೆ ಬಡ್ಡಿಯೊಂದೇ ಸುಮಾರು 21,000. ಆ ಬಡ್ಡಿಯ ಹಣಕ್ಕೆ ಇನ್ನೊಂದು ಸಾಧಾರಣ ಬೇಸ್ ಗಿಟಾರ್ ಬರುತ್ತದೆ! ಮದುವೆ ರಾತ್ರಿಗಳ ದುಡಿಮೆ ವರ್ಷಕ್ಕೆ 15,000, ಕಂತು ವರ್ಷಕ್ಕೆ 70,000. ಉಳಿದದ್ದು ಮೋಟಾರ್ ಅಂಗಡಿಯಿಂದ ಬರಬೇಕು. ಹೊಸ ಗಿಟಾರ್ ನೋಡಿ ಮದುವೆ ಮನೆಯವರು ಹೆಚ್ಚು ಕೊಡುತ್ತಾರೆಯೇ? ಅವರು ಕೇಳುವುದು ಹಾಡುವವರು ಯಾರು ಎಂದು ಮಾತ್ರ.

ಮೂರನೆಯದು: ‘ಮಗನೂ ಕಲಿಯುತ್ತಾನೆ.’ ಕಲಿತರೆ ಬಹಳ ಸಂತೋಷ. ಆದರೆ ಹನ್ನೆರಡು ವರ್ಷದ ಹುಡುಗನ ಕೈಗೆ ಒಂದೂವರೆ ಲಕ್ಷದ ವಾದ್ಯ ಯಾವ ತಂದೆಯೂ ಕೊಡುವುದಿಲ್ಲ. ಅವನು ಕಲಿಯುವುದು ಆ ಹಳೆಯ ಕಲ್ಕತ್ತೆ ಗಿಟಾರಿನಲ್ಲೇ.

ಮೂರೂ ಅಂಗಿಗಳನ್ನು ಕಳಚಿದ ಮೇಲೆ ಉಳಿಯುವುದು ಒಂದೇ ಮಾತು: ‘ನನಗೆ ಇದು ಬೇಕು. ನನಗೆ ಇದರ ಮೇಲೆ ಪ್ರೀತಿ.’ ಇದನ್ನು ಹೇಳಲು ನಾಚಿಕೆ ಏಕೆ? ವರ್ಷವಿಡೀ ಇನ್ನೊಬ್ಬರ ಸುಟ್ಟ ಮೋಟಾರು ಬಿಚ್ಚುವ ಮನುಷ್ಯನಿಗೆ ತನ್ನದೆನ್ನುವ ಒಂದು ಸಂತೋಷವಿದ್ದರೆ ಅದು ಪಾಪವಲ್ಲ. ನನ್ನ ಅಭಿಪ್ರಾಯದಲ್ಲಿ ಈ ನಾಲ್ಕನೆಯ ಕಾರಣವೇ ಮೂರಕ್ಕಿಂತ ಒಳ್ಳೆಯದು, ಏಕೆಂದರೆ ಇದು ನಿಜ. ನಿಜವಾದದ್ದಕ್ಕೆ ಮನೆಯ ಲೆಕ್ಕದಲ್ಲಿ ಒಂದು ಸಾಲು ಬರೆಯಬಹುದು. ದೇವರ ಹೆಸರಿನಲ್ಲಿ ಬಂದದ್ದಕ್ಕೆ ಮಿತಿ ಹಾಕುವವರು ಯಾರು?

ಮೂವತ್ತು ಪೌಂಡಿನ ಗಿಟಾರ್

ಬೇಸ್ ನುಡಿಸುವವರ ಪೈಕಿ ಪ್ರಪಂಚದಲ್ಲೇ ಅತಿ ಪ್ರಸಿದ್ಧರಾದ ಒಬ್ಬರು ಇದೇ ತೊಡಕಿನಲ್ಲಿ ಸಿಕ್ಕಿದ್ದರು. ಬೀಟಲ್ಸ್ ತಂಡದ ಪಾಲ್ ಮ್ಯಾಕಾರ್ಟ್ನಿ. 1961ರಲ್ಲಿ ಅವರಿನ್ನೂ ಹೆಸರಿಲ್ಲದ ಹುಡುಗ, ಜರ್ಮನಿಯ ಹ್ಯಾಂಬರ್ಗಿನ ಕ್ಲಬ್ಬುಗಳಲ್ಲಿ ನುಡಿಸುತ್ತಿದ್ದರು. ಫೆಂಡರ್ ಬೇಸಿಗೆ ಆಗ ಸುಮಾರು 100 ಪೌಂಡ್. ಕೈಯಲ್ಲಿದ್ದದ್ದು ಸುಮಾರು 30 ಪೌಂಡ್ ಮಾತ್ರ. ಜೊತೆಗಾರರು ಸಾಲ ಮಾಡಿ ವಾದ್ಯ ಕೊಳ್ಳಲು ಹಿಂಜರಿಯುತ್ತಿರಲಿಲ್ಲ, ಆದರೆ ತನ್ನ ತಂದೆ ಸಾಲಕ್ಕೆ ಹೋಗಬಾರದೆಂದು ಮತ್ತೆ ಮತ್ತೆ ಹೇಳಿ ಬೆಳೆಸಿದ್ದರು ಎಂದು ಮ್ಯಾಕಾರ್ಟ್ನಿಯವರೇ ಹೇಳಿಕೊಂಡಿದ್ದಾರೆ. ದುಡಿಯುವ ವರ್ಗದ ಕುಟುಂಬ. ನರ್ಸ್ ಆಗಿದ್ದ ತಾಯಿ, ಕಥೋಲಿಕ ಮಹಿಳೆ, ಮಗನಿಗೆ ಹದಿನಾಲ್ಕು ವರ್ಷವಾಗಿದ್ದಾಗ ತೀರಿಕೊಂಡಿದ್ದರು. ಮ್ಯಾಕಾರ್ಟ್ನಿ ಆ ಮೂವತ್ತು ಪೌಂಡಿಗೇ ಪಿಟೀಲಿನಾಕಾರದ, ಹಗುರವಾದ ಹೋಫ್ನರ್ ಬೇಸ್ ಕೊಂಡರು. ಅವರು ಎಡಗೈಯವರು. ಎರಡೂ ಕಡೆ ಒಂದೇ ಆಕಾರವಿದ್ದುದರಿಂದ ತಿರುಗಿಸಿ ಹಿಡಿದರೂ ವಿಚಿತ್ರವಾಗಿ ಕಾಣದು ಎಂಬ ಅನುಕೂಲವೂ ಇತ್ತು.

ಬೀಟಲ್ಸ್‌ನ ಮೊದಲ ಹಾಡುಗಳೆಲ್ಲ ಆ ಅಗ್ಗದ ಗಿಟಾರಿನವು. ಅದು 1972ರಲ್ಲಿ ಲಂಡನ್ನಿನಲ್ಲಿ ಒಂದು ವ್ಯಾನಿನಿಂದ ಕಳುವಾಯಿತು. ಐವತ್ತು ವರ್ಷ ಕಳೆದ ಮೇಲೆ ಪತ್ತೆಯಾಗಿ ಮತ್ತೆ ಅವರ ಕೈ ಸೇರಿದ ಸುದ್ದಿ 2024ರ ಫೆಬ್ರವರಿಯಲ್ಲಿ ಬಂತು. ಅಷ್ಟು ಹೊತ್ತಿಗೆ ಅವರು ಎಷ್ಟು ಬೇಕಾದರೂ ಫೆಂಡರ್ ಕೊಳ್ಳಬಲ್ಲ ಶ್ರೀಮಂತ. ಹುಡುಕಿಸಿದ್ದು ಮಾತ್ರ ಆ ಮೂವತ್ತು ಪೌಂಡಿನದನ್ನು.

ಇದನ್ನು ಕೇಳಿ, ‘ಹಾಗಾದರೆ ಅಗ್ಗದ್ದೇ ಒಳ್ಳೆಯದು’ ಎಂದುಕೊಳ್ಳಬಾರದು. ಅಮೆರಿಕದ ಡೆಟ್ರಾಯ್ಟಿನಲ್ಲಿ ಮೋಟೌನ್ ಕಂಪನಿಯ ನೂರಾರು ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಳಸಿದ್ದು ಫೆಂಡರ್‌ನ ದುಬಾರಿ ವಾದ್ಯವನ್ನೇ. ಆದರೆ ಅವರು ಒಂದೇ ವಾದ್ಯವನ್ನು ವರ್ಷಾನುಗಟ್ಟಲೆ ನುಡಿಸಿದರು, ತಂತಿ ತುಂಡಾಗದೆ ಬದಲಿಸುತ್ತಿರಲಿಲ್ಲ, ಬಲಗೈಯ ಒಂದೇ ಬೆರಳಿನಲ್ಲಿ ಮೀಟುತ್ತಿದ್ದರು. ಅವರಿಗೆ ಅದು ಹೊಟ್ಟೆಪಾಡಿನ ಉಪಕರಣ. ಬಡಗಿ ಒಳ್ಳೆಯ ಉಳಿ ಕೊಂಡರೆ ಯಾರೂ ದುಂದು ಎನ್ನುವುದಿಲ್ಲ.

ನಮ್ಮ ಪಕ್ಕದ ತಿರುಮಕೂಡಲಿನ ಪಿಟೀಲು ಚೌಡಯ್ಯನವರದು ಇನ್ನೂ ಒಳ್ಳೆಯ ಪಾಠ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಹಿಂದೆ ಕುಳಿತವರಿಗೆ ಪಿಟೀಲು ಕೇಳಿಸುತ್ತಿಲ್ಲ ಎಂಬ ದೂರು ಅವರ ಕಿವಿಗೆ ಬಿತ್ತು. ಅದಕ್ಕಾಗಿ ಅವರು ನಾಲ್ಕು ತಂತಿಯ ವಾದ್ಯಕ್ಕೆ ಇನ್ನೂ ಮೂರು ತಂತಿ ಸೇರಿಸಿ, 1927ರ ಸುಮಾರಿಗೆ ಏಳು ತಂತಿಯ ಪಿಟೀಲು ರೂಢಿಸಿಕೊಂಡರು. ಇಲ್ಲಿ ಮೊದಲು ಬಂದದ್ದು ಕೊರತೆ, ಆಮೇಲೆ ಬಂದದ್ದು ವಾದ್ಯ. ನಮ್ಮ ಗೃಹಸ್ಥ ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈಗಿರುವ ಗಿಟಾರಿನಲ್ಲಿ ನನಗೆ ಮಾಡಲಾಗದ್ದು ಏನು? ಒಂದನ್ನಾದರೂ ಹೆಸರಿಸಿ ಹೇಳಲು ಬಂದರೆ ಆಸೆಗೆ ಬುಡವಿದೆ.

ಇದಕ್ಕೆ ವಿರುದ್ಧವಾದದ್ದೂ ಶ್ರೀರಂಗಪಟ್ಟಣದಲ್ಲೇ ಇತ್ತು. ಟಿಪ್ಪು ಸುಲ್ತಾನರ ಮರದ ಹುಲಿ ಪ್ರಸಿದ್ಧವಷ್ಟೆ. ಕೆಳಗೆ ಬಿದ್ದ ಐರೋಪ್ಯ ಸಿಪಾಯಿಯ ಮೇಲೆ ಎರಗಿದ ಆ ಹುಲಿಯ ಹೊಟ್ಟೆಯೊಳಗೆ ಹದಿನೆಂಟು ಸ್ವರದ ಒಂದು ಸಣ್ಣ ಆರ್ಗನ್ ಇದೆ. ಅದು 1799ರಲ್ಲಿ ಇಂಗ್ಲಿಷರ ಕೈಸೇರಿ ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ನೋಡಲು ಜನ ಮುಗಿಬೀಳುತ್ತಾರೆ. ಅದರಲ್ಲಿ ಯಾವ ಸಂಗೀತ ನುಡಿಸಿದರು ಎಂದು ಯಾರೂ ಕೇಳುವುದಿಲ್ಲ. ದುಬಾರಿ ಗಿಟಾರುಗಳಲ್ಲೂ ಹುಲಿಗಳಿವೆ, ಗೋಡೆಗೆ ನೇತುಹಾಕಿ ಬಂದವರಿಗೆ ತೋರಿಸುವಂಥವು.

ವಿವೇಕದ ಮೂರು ಹೆಜ್ಜೆ

ವಿವೇಕವೆಂದರೆ ಬಹಳ ಜನ ‘ಬೇಡ’ ಎನ್ನುವುದು ಎಂದು ತಿಳಿದಿದ್ದಾರೆ. ಸಂತ ಥಾಮಸ್ ಅಕ್ವಿನಾಸರು ಹಾಗೆ ಹೇಳಲಿಲ್ಲ. ಅವರ ಪ್ರಕಾರ ವಿವೇಕಕ್ಕೆ ಮೂರು ಕೆಲಸಗಳು: ಆಲೋಚನೆ ಕೇಳುವುದು, ತೀರ್ಮಾನಿಸುವುದು, ತೀರ್ಮಾನಿಸಿದ್ದನ್ನು ಜಾರಿಗೆ ತರುವುದು. ಮೂರನೆಯದೇ ಅದರ ಮುಖ್ಯ ಕೆಲಸ. ಕೇಳದೆ ದುಡುಕುವುದು ಎಷ್ಟು ತಪ್ಪೋ, ಎಲ್ಲ ಗೊತ್ತಾದ ಮೇಲೂ ಮುಂದೂಡುತ್ತ ಕೂರುವುದು ಅಷ್ಟೇ ತಪ್ಪು. ಮೂರು ವರ್ಷದಿಂದ ಅಂಗಡಿಯ ಬೆಲೆಪಟ್ಟಿ ನೋಡುತ್ತ, ರಾತ್ರಿ ನಿದ್ದೆಗೆಟ್ಟು, ಕೊಳ್ಳದೆ, ಬಿಡದೆ ನರಳುವವನು ಹಣ ಉಳಿಸಿದ್ದಾನೆ ನಿಜ, ನೆಮ್ಮದಿ ಕಳೆದಿದ್ದಾನೆ.

ಆಲೋಚನೆ ಕೇಳಬೇಕಾದದ್ದು ಮೊದಲು ಯಾರನ್ನು? ಗಿಟಾರ್ ಇರುವ ಗೆಳೆಯರನ್ನಲ್ಲ. ಅವರು ಯಾವಾಗಲೂ ‘ತಗೋ’ ಎನ್ನುತ್ತಾರೆ. ಮನೆಯಲ್ಲಿ ಅದೇ ಕಂತಿನ ಭಾರ ಹೊರುವವಳನ್ನು. ಇಲ್ಲಿಗೆ ಆ ಮೂವತ್ತು ಸಾವಿರದ ಅರ್ಧ ಮಾತು ಮತ್ತೆ ಬರುತ್ತದೆ. ಗಿಟಾರ್ ಮನೆಗೆ ಬಂದ ದಿನ ಹೆಂಡತಿ ಸಂತೋಷಪಡಬಹುದು. ಮೂರನೆಯ ತಿಂಗಳಿನ ಕಂತಿನ ದಿನ ಮಗಳ ಕಾಲೇಜು ಶುಲ್ಕವೂ ಬಂದಾಗ ಸಂಗತಿ ಹೊರಬೀಳುತ್ತದೆ. ಆಗ ಜಗಳ ಒಂದೂವರೆ ಲಕ್ಷಕ್ಕಲ್ಲ, ಮುಚ್ಚಿಟ್ಟ ಒಂದು ಲಕ್ಷದ ಇಪ್ಪತ್ತು ಸಾವಿರಕ್ಕೆ. ಆಮೇಲೆ ಆತ ಎಷ್ಟು ಚೆನ್ನಾಗಿ ನುಡಿಸಿದರೂ ಆ ಮನೆಯಲ್ಲಿ ಆ ವಾದ್ಯದ ದನಿ ಸಿಹಿಯಾಗುವುದಿಲ್ಲ. ಆಕೆ ಹೊಲಿಗೆ ಯಂತ್ರಕ್ಕೊಂದು ಮೋಟಾರ್ ಬೇಕೆಂದು ಎರಡು ವರ್ಷದಿಂದ ಹೇಳುತ್ತಿದ್ದಳು ಎಂಬುದು ಆಗ ನೆನಪಾಗುತ್ತದೆ. ಮೋಟಾರ್ ರಿಪೇರಿಯವನ ಹೆಂಡತಿಗೇ ಮೋಟಾರಿಲ್ಲ!

ಶುಭಸಂದೇಶದಲ್ಲಿ ಎರಡು ಕಥೆಗಳು ಇಲ್ಲಿ ಎದುರು ಬದುರು ನಿಲ್ಲುತ್ತವೆ. ಸಂತ ಲೂಕರ ಹದಿನಾಲ್ಕನೆಯ ಅಧ್ಯಾಯದಲ್ಲಿ, ಗೋಪುರ ಕಟ್ಟಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುತ್ತಾನೆ. ಹಾಕದಿದ್ದರೆ ಅರ್ಧಕ್ಕೆ ನಿಂತ ಗೋಡೆ ನೋಡಿ ಊರವರು ನಗುತ್ತಾರೆ. ಸಂತ ಯೊವಾನ್ನರ ಹನ್ನೆರಡನೆಯ ಅಧ್ಯಾಯದಲ್ಲಿ ಮರಿಯಳು ಬಹಳ ಬೆಲೆಯ ಸುಗಂಧತೈಲವನ್ನು ಯೇಸುವಿನ ಪಾದಕ್ಕೆ ಹಚ್ಚುತ್ತಾಳೆ. ಅದನ್ನು ಮುನ್ನೂರು ದಿನಾರಿಗೆ, ಅಂದರೆ ಒಬ್ಬ ಕೂಲಿಯವನ ಹೆಚ್ಚುಕಡಿಮೆ ಒಂದು ವರ್ಷದ ಸಂಬಳಕ್ಕೆ, ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂಬ ಆಕ್ಷೇಪ ಬಂದಾಗ ಪ್ರಭು ಆಕೆಯ ಪರ ನಿಲ್ಲುತ್ತಾರೆ. ದುಬಾರಿ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ದುಂದು ಎನ್ನಬಾರದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕಿಲ್ಲ. ಆದರೆ ಗಿಟಾರ್ ಕೊಳ್ಳುವವರು ಈ ಕಥೆಯನ್ನು ತಮಗೆ ಬೇಕಾದಂತೆ ಎಳೆದುಕೊಳ್ಳುವ ಮುಂಚೆ ಒಂದು ವ್ಯತ್ಯಾಸ ಗಮನಿಸಲಿ. ಆ ತೈಲ ಅಂದೇ ಮುಗಿದುಹೋಯಿತು, ಆಕೆಯ ಕೈಯಲ್ಲಿ ಏನೂ ಉಳಿಯಲಿಲ್ಲ. ಗಿಟಾರ್ ಪೂಜೆಯಾದ ಮೇಲೆ ನಮ್ಮ ಮನೆಗೇ ವಾಪಸ್ಸು ಬರುತ್ತದೆ.

ಮೊದಲು ಹಳೆಯದನ್ನು ನೋಡಿ

ಉದಾಹರಣೆಯ ಮನೆಯಲ್ಲಿ ನಾನಿದ್ದರೆ ಈ ವರ್ಷ ಸಾಲಕ್ಕೆ ಒಪ್ಪುತ್ತಿರಲಿಲ್ಲ. ಸುಮ್ಮನೆ ಇರೆಂದೂ ಹೇಳುತ್ತಿರಲಿಲ್ಲ. ಹಳೆಯ ಗಿಟಾರಿಗೆ ಮೊದಲು ಚಿಕಿತ್ಸೆ ಮಾಡಿಸಬೇಕು. ‘ಈ ಗಿಟಾರ್ ಸರಿಯಿಲ್ಲ’ ಎನ್ನುವವರಲ್ಲಿ ಬಹಳ ಮಂದಿ ಅದಕ್ಕೆ ಹೊಸ ತಂತಿ ಹಾಕಿಯೇ ವರ್ಷಗಳಾಗಿರುತ್ತವೆ. ಒಂದು ಜೊತೆ ಒಳ್ಳೆಯ ತಂತಿಗೆ ಎರಡು ಸಾವಿರದ ಆಸುಪಾಸು. ಹಳೆಯ ತಂತಿಯ ಮಂಕು ದನಿಗೂ ಹೊಸದರ ದನಿಗೂ ಇರುವ ಅಂತರ ಕೆಲವೊಮ್ಮೆ ಎರಡು ಗಿಟಾರುಗಳ ನಡುವಿನ ಅಂತರಕ್ಕಿಂತ ಹೆಚ್ಚು.

ಆಮೇಲೆ ಕುತ್ತಿಗೆ. ಅದರೊಳಗೆ ಒಂದು ಉಕ್ಕಿನ ಸರಳಿದೆ. ನಾಲ್ಕು ದಪ್ಪ ತಂತಿಗಳ ಎಳೆತಕ್ಕೆ ಮರ ಬಾಗದಂತೆ ಅದು ಎದುರು ಬಲ ಕೊಡುತ್ತದೆ. ಏಪ್ರಿಲಿನ ಒಣಗಾಳಿಗೂ ಜುಲೈ ತೇವಕ್ಕೂ ಮರ ಹಿಗ್ಗಿ ಕುಗ್ಗುವುದರಿಂದ ಆ ಸರಳನ್ನು ಆಗಾಗ ಕಾಲು ಸುತ್ತಿನಷ್ಟು ತಿರುಗಿಸಬೇಕಾಗುತ್ತದೆ. ತಿಳಿದವರ ಕೈಯಲ್ಲೇ ಮಾಡಿಸಬೇಕು, ಬಲವಂತ ಮಾಡಿದರೆ ಸರಳೇ ಮುರಿದೀತು. ಹನ್ನೆರಡನೆಯ ಪಟ್ಟಿಯ ಮೇಲೆ ತಂತಿಯ ಎತ್ತರ ಎರಡು, ಎರಡೂವರೆ ಮಿಲಿಮೀಟರಿಗೆ ಬಂದರೆ ಬೆರಳು ನೋಯುವುದು ನಿಲ್ಲುತ್ತದೆ. ಅದೇ ಹನ್ನೆರಡನೆಯ ಪಟ್ಟಿಯ ನೇರ ಮೇಲೆ ತಂತಿಯನ್ನು ಬೆರಳಿನಿಂದ ಸುಮ್ಮನೆ ಸೋಕಿಸಿ ಮೀಟಿ, ಆಮೇಲೆ ಒತ್ತಿ ಹಿಡಿದು ಮೀಟಿ. ಎರಡೂ ಸ್ವರ ಒಂದೇ ಆಗಿರಬೇಕು. ಬೇರೆಯಾದರೆ ಕೆಳಗಿನ ಸೇತುವೆಯ ತಿರುಪು ಸರಿಪಡಿಸಬೇಕು, ಗಿಟಾರ್ ಬಿಸಾಡಬೇಕಿಲ್ಲ. ಇನ್ನು ಸದಾ ಕೇಳುವ ಗುಂಯ್ ಎಂಬ ಕಿರಿಕಿರಿ. ಅದು ಬಹಳ ಸಲ ಕಟ್ಟಡದ ವೈರಿಂಗಿನಲ್ಲಿ ಅರ್ಥ್ ಸರಿಯಿಲ್ಲದ್ದರಿಂದ ಬರುತ್ತದೆ. ಇದನ್ನು ಮೋಟಾರ್ ಕೆಲಸದವನಿಗೆ ನಾವು ಹೇಳಿಕೊಡಬೇಕೇ? ಆದರೆ ಸ್ವಂತ ವಾದ್ಯದ ವಿಷಯಕ್ಕೆ ಬಂದಾಗ ಆತನೂ ದೋಷವನ್ನು ಗಿಟಾರಿನಲ್ಲೇ ಹುಡುಕಿರುತ್ತಾನೆ.

ಇಷ್ಟಾದ ಮೇಲೆ ಆರು ತಿಂಗಳು ನುಡಿಸಲಿ. ತಿಂಗಳಿಗೆ ಆ 5,900 ರೂಪಾಯಿಯನ್ನು, ಸಾಲವೇ ಇದೆ ಎಂಬಂತೆ, ಅಂಚೆ ಕಚೇರಿಯಲ್ಲೋ ಬ್ಯಾಂಕಿನಲ್ಲೋ ಕಟ್ಟುತ್ತ ಹೋಗಲಿ. ಕಟ್ಟಲಾಗದ ತಿಂಗಳು ಬಂದರೆ ಸಾಲದ ಗತಿ ಏನಾಗುತ್ತಿತ್ತು ಎಂದು ಬಡ್ಡಿಯಿಲ್ಲದೆ ತಿಳಿದಂತಾಯಿತು. ಆರು ತಿಂಗಳು ಕಟ್ಟಿದರೆ 35,000 ದಾಟುತ್ತದೆ. ಚೀಟಿ ಹಣದಲ್ಲಿ ಹೊಲಿಗೆ ಯಂತ್ರದ ಮೋಟಾರ್ ಖರ್ಚು ಕಳೆದು ಉಳಿದದ್ದು ಸೇರಿದರೆ ಅರವತ್ತು ಸಾವಿರದ ಹತ್ತಿರ ಬರುತ್ತದೆ. ಆ ಮೊತ್ತಕ್ಕೆ ಒಳ್ಳೆಯ ಬೇಸ್ ಗಿಟಾರ್ ಸಿಗುತ್ತದೆ, ಜೊತೆಗೆ ಒಂದು ಸಾಧಾರಣ ಬೇಸ್ ಆಂಪ್ಲಿಫೈಯರ್ ಕೂಡ. ಅಷ್ಟಕ್ಕೂ ಮನಸ್ಸು ತುಂಬದೆ ಆ ಒಂದೂವರೆ ಲಕ್ಷದ್ದೇ ಬೇಕೆನಿಸಿದರೆ ಇನ್ನೊಂದೂವರೆ ವರ್ಷ ಕಟ್ಟಲಿ. ಆಗ ಕೊಂಡರೆ ಯಾರೂ ಅಡ್ಡ ಬರಬೇಕಾದದ್ದಿಲ್ಲ. ವಾರಕ್ಕೆ ಎರಡೂವರೆ ಗಂಟೆಯಂತೆ ಹತ್ತು ವರ್ಷ ನುಡಿಸಿದರೆ 1,300 ಗಂಟೆ, ಗಂಟೆಗೆ 115 ರೂಪಾಯಿ ಬಿದ್ದಂತಾಯಿತು. ಅದಕ್ಕಿಂತ ಕಡಿಮೆ ಸಂತೋಷಕ್ಕೆ ಅದಕ್ಕಿಂತ ಹೆಚ್ಚು ಖರ್ಚು ಮಾಡುವವರನ್ನು ನಾವು ದಿನಾ ನೋಡುತ್ತೇವೆ.

ಕೊಳ್ಳುವ ದಿನ ಬಂದಾಗ ಫೋಟೋ ನೋಡಿ ಅಂಚೆಯಲ್ಲಿ ತರಿಸಬೇಡಿ. ಮೈಸೂರಿಗೋ ಬೆಂಗಳೂರಿಗೋ ಹೋಗಿ ಕೈಯಲ್ಲಿ ಹಿಡಿದು ನೋಡಬೇಕು. ಒಂದೇ ಮಾದರಿಯ ಎರಡು ವಾದ್ಯಗಳು ತೂಕದಲ್ಲಿ, ಕುತ್ತಿಗೆಯಲ್ಲಿ ಬೇರೆ ಬೇರೆಯಾಗಿರುತ್ತವೆ. ಹಳೆಯ ಗಿಟಾರನ್ನು ಜೊತೆಗೆ ಒಯ್ಯಲಿ, ಹೆಂಡತಿಯನ್ನೂ ಕರೆದುಕೊಂಡು ಹೋಗಲಿ. ಅಂಗಡಿಯಲ್ಲಿ ಆಕೆಯನ್ನು ಗೋಡೆಯ ಕಡೆ ಮುಖ ಮಾಡಿ ಕೂರಿಸಿ, ಒಂದೇ ಆಂಪ್ಲಿಫೈಯರಿನಲ್ಲಿ, ಭಾನುವಾರ ನುಡಿಸುವ ಅದೇ ಹಾಡನ್ನು ಹಳೆಯದರಲ್ಲಿ, ನಡುವಿನ ಬೆಲೆಯದರಲ್ಲಿ, ದುಬಾರಿಯದರಲ್ಲಿ ಒಂದೊಂದು ಸಲ ನುಡಿಸಲಿ. ಯಾವುದು ಯಾವುದೆಂದು ಹೇಳದೆ ಆಕೆಗೆ ಯಾವುದು ಹಿಡಿಸಿತು ಎಂದು ಕೇಳಲಿ. ಗಾನವೃಂದದಲ್ಲಿ ಹದಿನೈದು ವರ್ಷ ಆತನ ಪಕ್ಕದಲ್ಲೇ ನಿಂತು ಹಾಡಿದ ಕಿವಿ ಅದು. ಬರುವಾಗ ದಪ್ಪ ಹೊದಿಕೆಯ ಚೀಲ ಕೇಳಿ ತೆಗೆದುಕೊಳ್ಳಬೇಕು, ಮತ್ತು ಬಸ್ಸಿನ ಎಂಜಿನ್ ಪಕ್ಕದಲ್ಲಿ ಅದನ್ನು ನಿಲ್ಲಿಸಬಾರದು. ಆ ಬಿಸಿಗೆ ಹೊಸ ಕುತ್ತಿಗೆಯೂ ಬಾಗುತ್ತದೆ.